ಕೊಕ್ಕಿನ ಕೆಳಗಿನ ಚುಕ್ಕಿ

ಮಾರ್ಚ್ ೪

ನಮ್ಮ ನಾಣ್ಯಗಳ ಬೆಲೆ ಕೈಪಿಡಿಯ ಹೊಸ ಮುದ್ರಣ ಮುಗಿಯುವ ತನಕ ಆದಷ್ಟು ದಿನ ನಾಲ್ಕು ಸಾಲು ಬರೆದಿಡಬೇಕು ಎಂದು ತೀರ್ಮಾನಿಸಿದ್ದೇನೆ. ಹೋದ ಸಲ ಅಪ್ಪ, ನಾನು, ಪ್ರೆಸ್ಸಿನವರು ಮೂವರೂ ‘ನಾನು ಹಾಗೆ ಹೇಳೇ ಇಲ್ಲ’ ಎಂದು ಕಚ್ಚಾಡಿದ್ದೆವು. ಈ ಸಲ ಬರಹದಲ್ಲಿರಲಿ.

ಇವತ್ತು ಅಂಗಡಿ ತುಂಬಿತ್ತು. ಭೂತಗನ್ನಡಿಯವರು ತಮ್ಮ ಮಾಮೂಲಿ ಸ್ಟೂಲಿನ ಮೇಲೆ ಬೆಳಗ್ಗೆಯೇ ಪ್ರತಿಷ್ಠಾಪನೆಯಾಗಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಈ ಮನುಷ್ಯ ಊಟದ ತಟ್ಟೆಯನ್ನೂ ಭೂತಗನ್ನಡಿ ಹಿಡಿದು ನೋಡುತ್ತಾರೆ ಎಂದು ಅಪ್ಪ ಇಟ್ಟ ಹೆಸರು ಅದು. ನಾಣ್ಯ ಕೊಳ್ಳುವುದಕ್ಕಿಂತ ಬೇರೆಯವರ ನಾಣ್ಯಕ್ಕೆ ನಾನು ಹೇಳುವ ತೀರ್ಪು ಕೇಳುವುದೇ ಅವರಿಗೆ ಇಷ್ಟ.

ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಅಂಚೆ ಕಚೇರಿಯ ಹಿಂದೆ ಹೊಲಿಗೆ ಅಂಗಡಿಯಂತೆ. ತುಂಡು ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲದಿಂದ ಒಂದು ಕೊಕ್ಕರೆ ನಾಣ್ಯ ತೆಗೆದಿಟ್ಟಳು.

“ಇದು ನಮ್ಮಮ್ಮಂದು ಮೇಡಂ. ಅಸಲಿಯೋ ಅಲ್ವೋ ಅಂತ ತಿಳ್ಕೋಬೇಕಿತ್ತು. ಮಾರೋಕಲ್ಲ.”

ಮಾರೋಕಲ್ಲ ಎಂದೇ ಎಲ್ಲರೂ ಶುರುಮಾಡುವುದು. ನಾನು ಕೊಕ್ಕಿನ ಕೆಳಗೆ ನೋಡಿದೆ. ಚುಕ್ಕಿ ಇಲ್ಲ. ಮುಗಿಯಿತು.

ಕೊಕ್ಕರೆ ನಾಣ್ಯ ಎಂದರೆ ಹಳೆಯ ಟಂಕಸಾಲೆ ಒಂದೇ ವರ್ಷ ಹೊಡೆದ ಬೆಳ್ಳಿ ನಾಣ್ಯ. ಅದರ ಮೇಲೆ ಒಂಟಿ ಕಾಲಲ್ಲಿ ನಿಂತ ಹಕ್ಕಿ, ಹಕ್ಕಿಯ ಕೊಕ್ಕಿನ ಕೆಳಗೆ ಸಾಸಿವೆಗಿಂತ ಸಣ್ಣ ಉಬ್ಬು ಚುಕ್ಕಿ. ಅದು ಟಂಕಸಾಲೆಯವರು ಬೇಕೆಂದೇ ಇಟ್ಟ ಗುಟ್ಟಿನ ಗುರುತು ಎಂದು ಏಳು ವರ್ಷದ ಹಿಂದೆ ಕಂಡುಹಿಡಿದವಳು ನಾನು. ನಮ್ಮ ಅಂಗಡಿಯ ನಾಣ್ಯದ ಚಿತ್ರ ಹಾಕಿ, ‘ಚುಕ್ಕಿ ಇಲ್ಲದ್ದು ನಕಲಿ’ ಎಂದು ಕೈಪಿಡಿಯಲ್ಲಿ ಬರೆದ ಮೇಲೆ ಇಡೀ ಕಸುಬು ಅದನ್ನೇ ಹಿಡಿಯಿತು. ಇದನ್ನು ನನಗೆ ನಾನೇ ಹೇಳಿಕೊಳ್ಳಬೇಕಾಗಿಲ್ಲ. ಆದರೆ ಚುಕ್ಕಿಯ ವಿಷಯ ಬಂದರೆ ಬರವಣಿಗೆ ತಾನಾಗಿ ಉದ್ದವಾಗುತ್ತದೆ.

“ನಕಲಿ,” ಎಂದೆ.

“ಒಂದ್ಸಲ ಸರಿಯಾಗಿ ನೋಡಿ ಮೇಡಂ. ಗೊತ್ತಾಗದೇ ಇರೋದೂ ಇರುತ್ತಲ್ವಾ?”

ಈ ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ‘ಗೊತ್ತಿಲ್ಲ’ ಎನ್ನುವ ಮಾತು ಬರಬಾರದು ಎನ್ನುವುದು ಅಪ್ಪ ಕಲಿಸಿದ ಮೊದಲ ಪಾಠ. ಕೈಪಿಡಿ ತಿರುಗಿಸಿ ಚಿತ್ರ ತೋರಿಸಿದೆ. “ನೋಡಿ, ಇಲ್ಲಿ ಚುಕ್ಕಿ ಇದೆ. ನಿಮ್ಮ ಕೊಕ್ಕರೆ ಮೀನು ಸಿಗ್ಲಿಲ್ಲ ಅಂತ ಚುಕ್ಕೀನೇ ನುಂಗ್ಬಿಟ್ಟಿದೆ!”

ಭೂತಗನ್ನಡಿಯವರು ಸ್ಟೂಲು ಅಲುಗಾಡುವಂತೆ ನಕ್ಕರು. ಉಳಿದವರೂ ನಕ್ಕರು. ಆಕೆ ನಗಲಿಲ್ಲ. ನಾಣ್ಯವನ್ನು ತೋಳಿಗೆ ಉಜ್ಜಿ ಒರೆಸಿ ಚೀಲಕ್ಕೆ ಹಾಕಿಕೊಂಡು, ಫೀಸು ಎಷ್ಟು ಎಂದು ಕೇಳಿದಳು. ನಕಲಿಗೆ ಫೀಸಿಲ್ಲ ಎಂದೆ. ದೊಡ್ಡತನ ತೋರಿಸಿದಂತಾಯಿತು.

ಮಾರ್ಚ್ ೧೧

ಬೆಲೆ ತಿದ್ದುವ ಕೆಲಸ. ಇಡೀ ದಿನ ಫೋನು. ಮೂವರು ವ್ಯಾಪಾರಿಗಳನ್ನು ಕೇಳಿ ಸರಾಸರಿ ಹಾಕುವುದು ನಮ್ಮ ಪದ್ಧತಿ. ಇವತ್ತು ಮೂರನೆಯವನಿಗೆ ಫೋನು ಮಾಡಿ ಕೊಕ್ಕರೆ ಈಗ ಹೇಗೆ ಹೋಗುತ್ತಿದೆ ಎಂದು ಕೇಳಿದರೆ, ಆ ಕಡೆ ಹಾಳೆ ಮಗುಚುವ ಸದ್ದು.

“ಏನು ನೋಡ್ತಿದ್ದೀಯ?”

“ನಿಮ್ಮ ಕೈಪಿಡಿ ಮೇಡಂ. ಅದರಲ್ಲಿ ಇಷ್ಟಿದೆ, ಅದಕ್ಕೆ ಒಂದಿಷ್ಟು ಸೇರಿಸ್ಕೊಳ್ಳಿ.”

ನಾನು ಅವರನ್ನು ಕೇಳಿ ಬರೆಯುವುದು, ಅವರು ನನ್ನದನ್ನು ನೋಡಿ ಹೇಳುವುದು. ಅಳಿಯ ಅಲ್ಲ, ಮಗಳ ಗಂಡ. ಅಪ್ಪನಿಗೆ ಹೇಳಿದೆ, ಇಬ್ಬರೂ ನಕ್ಕೆವು. ಒಂದಿಷ್ಟು ಸೇರಿಸಿಯೂ ಬರೆದೆ.

ಸಂಜೆ ಅಪ್ಪನನ್ನು ನೋಡಲು ಹಳೆಯ ಸ್ನೇಹಿತರು ಬಂದಿದ್ದರು. ಕಣ್ಣು ಮಂಜಾದ ಮೇಲೆ ಅಪ್ಪ ಅಂಗಡಿಗೆ ಬರುವುದಿಲ್ಲ, ಬಂದವರಿಗೆಲ್ಲ ನನ್ನ ಚುಕ್ಕಿಯ ಕಥೆ ಹೇಳುತ್ತಾರೆ. “ನಾನು ನಲವತ್ತು ವರ್ಷ ಕೂತಿದ್ದೆ, ನನಗೆ ಕಾಣಲಿಲ್ಲ. ನನ್ನ ಪುಟ್ಟಿಗೆ ಕಾಣ್ತು.” ಐವತ್ತು ದಾಟಿದ ಪುಟ್ಟಿ ಒಳಗೆ ಕಾಫಿ ಸೋಸುತ್ತಾ ಕೇಳಿಸಿಕೊಂಡಳು.

ಮಾರ್ಚ್ ೧೯

ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.

ಭೂತಗನ್ನಡಿಯವರು ಬೆಳಗ್ಗೆ ಮದುವೆ ಗಂಡಿನ ಹಾಗೆ ಬಂದರು. ಎರಡು ಬೇರೆ ಬೇರೆ ಊರಿನ ವ್ಯಾಪಾರಿಗಳಿಂದ ಎರಡು ಕೊಕ್ಕರೆ ಕೊಂಡಿದ್ದಾರೆ, ಎರಡಕ್ಕೂ ಚುಕ್ಕಿ ಇದೆ. ಕೈಪಿಡಿಯ ಬೆಲೆಗಿಂತ ತುಸು ಹೆಚ್ಚೇ ಕೊಟ್ಟರಂತೆ. ಹಸಿರು ಬಟ್ಟೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನನ್ನ ಮುಖ ನೋಡಿದರು.

ನಾನು ಮೊದಲು ಚುಕ್ಕಿ ನೋಡಿದೆ. ಸರಿಯಾಗಿತ್ತು. ಆಮೇಲೆ, ಯಾಕೋ ಏನೋ, ರೆಕ್ಕೆ ನೋಡಿದೆ. ಎಡಗಡೆಯ ನಾಣ್ಯದಲ್ಲಿ ಮೂರನೇ ಗರಿಯ ಮೇಲೆ ಓರೆಯಾಗಿ ಒಂದು ಗೀರು. ಬಲಗಡೆಯದರಲ್ಲೂ ಮೂರನೇ ಗರಿಯ ಮೇಲೆ ಓರೆಯಾಗಿ ಅದೇ ಗೀರು.

ಗೀರು ಎನ್ನುವುದು ನಾಣ್ಯದ ಸ್ವಂತ ಗಾಯ. ಎಲ್ಲೋ ಬಿದ್ದು, ಯಾವುದಕ್ಕೋ ತಾಗಿ ಆದದ್ದು. ಎರಡು ನಾಣ್ಯಗಳು ಒಂದೇ ಜಾಗಕ್ಕೆ ಒಂದೇ ಗಾಯ ಮಾಡಿಕೊಂಡು ಬರುವುದಿಲ್ಲ. ಒಂದು ನಾಣ್ಯದಿಂದ ಪಡಿಯಚ್ಚು ತೆಗೆದು ಬೆಳ್ಳಿ ಎರಕ ಹೊಯ್ದಾಗ ಮಾತ್ರ ಗಾಯವೂ ನಕಲಾಗುತ್ತದೆ. ಇದು ಕಸುಬಿನ ಅಆಇಈ.

“ಹೇಗಿವೆ ಮೇಡಂ?”

“ಚೆನ್ನಾಗಿವೆ.”

ಬಾಯಿಂದ ಬಂದದ್ದು ಅಷ್ಟೇ. ಅವರು ಎಲ್ಲರಿಗೂ ಬಿಸ್ಕತ್ತು ಹಂಚಿದರು. ನಾನೂ ತಿಂದೆ.

ಅವರು ಹೋದ ಮೇಲೆ ಕಬ್ಬಿಣದ ಪೆಟ್ಟಿಗೆ ತೆಗೆದು ನಮ್ಮ ನಾಣ್ಯ ನೋಡಿದೆ. ಕೈಪಿಡಿಯ ಮುಖಪುಟದಲ್ಲಿ ಇರುವುದು, ನಾನು ಏಳು ವರ್ಷದಿಂದ ಮಗುವಿನ ಹಾಗೆ ಮೆತ್ತೆಯಲ್ಲಿ ಮಲಗಿಸಿಟ್ಟಿರುವುದು. ಮೂರನೇ ಗರಿ, ಓರೆ ಗೀರು. ಅದು ನನಗೆ ಗೊತ್ತೇ ಇದ್ದ ಗೀರು. ಪಾಪ, ಎಲ್ಲೋ ಪೆಟ್ಟು ತಿಂದಿದೆ ಎಂದು ಮುದ್ದಾಗಿ ಕಾಣುತ್ತಿತ್ತು.

ಹಾಗಾದರೆ ಚುಕ್ಕಿ ಏನು? ಪಡಿಯಚ್ಚು ತೆಗೆಯುವಾಗ ಅಂಟಿಕೊಂಡ ಗಾಳಿಗುಳ್ಳೆ. ಗುಳ್ಳೆಯ ಕುಳಿಗೆ ಬೆಳ್ಳಿ ಇಳಿದು ಉಬ್ಬು ಚುಕ್ಕಿಯಾಗಿದೆ. ಯಾವನೋ ಕಳ್ಳನ ಕೈ ಸರಿಯಾಗಿ ಕೂರದೆ ಆದ ಗುಳ್ಳೆಯನ್ನು ನಾನು ಟಂಕಸಾಲೆಯ ಗುಟ್ಟು ಎಂದು ಊರಿಗೆಲ್ಲ ಪಾಠ ಮಾಡಿದ್ದೇನೆ. ಚುಕ್ಕಿ ಇದ್ದದ್ದಕ್ಕೆ ಹಿಂದಿನ ಬೆಲೆಯ ಮೂರು ಪಟ್ಟು ಬರೆದಿದ್ದೇನೆ.

ಮಾರ್ಚ್ ೨೦

ತಲೆನೋವು ಎಂದು ಅಂಗಡಿ ತೆಗೆಯಲಿಲ್ಲ. ಅಪ್ಪ ಹಣೆ ಮುಟ್ಟಿ ನೋಡಿ ಜ್ವರ ಇಲ್ಲ ಎಂದರು.

ಮಾರ್ಚ್ ೨೭

ಒಂದು ವಾರ ನನ್ನಲ್ಲೇ ವಕೀಲಿಕೆ ನಡೆಯಿತು. ಗೀರು ಕಾಕತಾಳೀಯ ಇರಬಹುದು, ಅಚ್ಚಿನಲ್ಲೇ ಇದ್ದ ದೋಷ ಇರಬಹುದು, ಹೀಗೆ. ಕೊನೆಗೆ ಸಂಗ್ರಹಾಲಯಕ್ಕೆ ಹೋದೆ. ಟಂಕಸಾಲೆಯಿಂದಲೇ ನೇರವಾಗಿ ಬಂದ ಎರಡು ಕೊಕ್ಕರೆಗಳು ಅಲ್ಲಿವೆ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ನೋಡಬೇಕಾದರೆ ಅರ್ಜಿ ಹಾಕಬೇಕು, ಮೇಲಧಿಕಾರಿಯ ಸಹಿ ಬೇಕು, ಅದನ್ನೆಲ್ಲ ಯಾರು ಮಾಡುತ್ತಾರೆ ಎಂದು ಆಗ ಬಿಟ್ಟಿದ್ದೆ. ಅರ್ಜಿ ಹಾಕಿದ ಎರಡೇ ದಿನಕ್ಕೆ ಕರೆದರು. ಇಷ್ಟಕ್ಕೆ ಸೋಮಾರಿತನ ಮಾಡಿದ್ದೆ.

ಅಲ್ಲಿನ ಪಾಲಕರು ತೆಳ್ಳಗಿನ ಮನುಷ್ಯ, ಬಹಳ ವಿನಯ. ಡ್ರಾಯರ್ ಎಳೆದು ಎರಡನ್ನೂ ನನ್ನ ಮುಂದಿಟ್ಟರು. ಗರಿಗಳು ಬಾಚಿದಂತೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಚುಕ್ಕಿ ಇರಲಿಲ್ಲ. ಗೀರೂ ಇರಲಿಲ್ಲ.

“ಇವು ಮೊದಲು ಹೊರಗಡೆ ಗಾಜಿನ ಪೆಟ್ಟಿಗೇಲಿ ಇದ್ವು ಮೇಡಂ,” ಎಂದರು ಅವರು. “ನಿಮ್ಮ ಪುಸ್ತಕ ಬಂದ್ಮೇಲೆ ಒಬ್ರು ದೂರು ಕೊಟ್ರು, ಚುಕ್ಕಿ ಇಲ್ಲ, ನಕಲಿ ಇಟ್ಟಿದ್ದೀರಿ ಅಂತ. ಯಾಕೆ ತಲೆನೋವು ಅಂತ ಒಳಗಿಟ್ವಿ. ನೀವೇ ಬಂದ್ರಲ್ಲ, ಒಂದು ಮಾತು ಹೇಳಿ. ಇವನ್ನ ಏನು ಮಾಡೋದು?”

ಅವರು ಅಣಕಿಸುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ಅಣಕಿಸಿದ್ದರೆ ಚೆನ್ನಾಗಿತ್ತು. ಬರೆದು ತಿಳಿಸುತ್ತೇನೆ ಎಂದು ಹೇಳಿ ಬಂದುಬಿಟ್ಟೆ. ಮೆಟ್ಟಿಲಿಳಿಯುವಾಗ ಹೊಲಿಗೆಯವರ ನೆನಪಾಯಿತು. ಅವರ ನಾಣ್ಯವನ್ನು ನಾನು ತೂಕಕ್ಕೂ ಹಾಕಿರಲಿಲ್ಲ. ಗರಿ ಹೇಗಿತ್ತು ಎಂದು ಕೂಡ ನೋಡಿರಲಿಲ್ಲ.

ಏಪ್ರಿಲ್ ೨

ಅಪ್ಪನ ಕೋಟಿನ ಅಸ್ತರು ಹರಿದಿದೆ ಎನ್ನುವ ನೆಪ ಮಾಡಿಕೊಂಡು ಅಂಚೆ ಕಚೇರಿಯ ಹಿಂದಿನ ಬೀದಿಗೆ ಹೋದೆ. ಒಂದು ಬಾಗಿಲಿನ ಅಂಗಡಿ, ಎರಡು ಮಿಷನ್ನು, ಗೋಡೆ ತುಂಬ ದಾರದ ಉಂಡೆಗಳು. ಅವರು ನನ್ನ ಗುರುತು ಹಿಡಿದು ಎದ್ದು ನಿಂತರು, ಸ್ಟೂಲು ಒರೆಸಿ ಕೊಟ್ಟರು. ನಾನು ಕೂತೆ. ಎದುರಿಗೆ ಮೊಳೆಯಲ್ಲಿ ಅಂಗಡಿಯ ಕೀಲಿಗೊಂಚಲು ತೂಗುತ್ತಿತ್ತು. ಗೊಂಚಲಿನಲ್ಲಿ ಕೊಕ್ಕರೆ ಇತ್ತು. ಹಕ್ಕಿಯ ತಲೆಯ ಮೇಲೆ ತೂತು ಕೊರೆದು ಉಂಗುರ ಹಾಕಿದ್ದರು.

ನನ್ನ ಕಣ್ಣು ಅಲ್ಲೇ ನಿಂತದ್ದನ್ನು ಅವರು ನೋಡಿದರು. “ನೀವು ನಕಲಿ ಅಂದ್ರಲ್ಲ ಮೇಡಂ, ಇನ್ನೇನು ಅಂತ ಕೀಲಿ ಮಾಡೋನ ಹತ್ರ ತೂತು ಹಾಕಿಸ್ದೆ. ಕೈಗೆ ಬೇಗ ಸಿಗುತ್ತೆ, ತೂಕವಾಗಿದೆ ನೋಡಿ.”

ಏನಾದರೂ ಹೇಳಬೇಕಲ್ಲ ಎಂದು, “ಅಮ್ಮ ಏನಂದ್ರು?” ಎಂದು ಕೇಳಿದೆ.

ಅವರು ಮತ್ತೆ ಮಿಷನ್ನಿನ ಮುಂದೆ ಕೂತು ಹೇಳಿದರು. ಅವರಮ್ಮ ಒಬ್ಬ ದೊಡ್ಡ ಮನೆಯ ಹೆಂಗಸನ್ನು ಹದಿನೆಂಟು ವರ್ಷ ನೋಡಿಕೊಂಡಿದ್ದರಂತೆ. ಕೊನೆಕೊನೆಗೆ ಆಕೆ ಹಾಸಿಗೆ ಹಿಡಿದಾಗ ಮೈ ಒರೆಸಿದ್ದು, ತುತ್ತು ತಿನ್ನಿಸಿದ್ದು ಎಲ್ಲ ಇವರಮ್ಮನೇ. ಸಂಜೆ ಹೊತ್ತು ಆಕೆ ಇವರಮ್ಮನಿಗೆ ಪೇಪರು ಓದಿ ಹೇಳುತ್ತಿದ್ದರಂತೆ, ಅಮ್ಮನಿಗೆ ಓದು ಬರುವುದಿಲ್ಲ. ಸಾಯುವ ಮೊದಲು ಈ ನಾಣ್ಯ ಕೈಗಿಟ್ಟು, ಇದು ನಮ್ಮ ಮನೆಯಲ್ಲಿರೋ ಅತಿ ಒಳ್ಳೆ ವಸ್ತು, ನಿನಗೇ ಇರಲಿ ಎಂದರಂತೆ.

“ನಮ್ಮಣ್ಣಂದಿರು ಮೊದಲಿಂದ್ಲೂ ನಗ್ತಿದ್ರು, ಮುದುಕಿ ನಿನಗೆ ಟೋಪಿ ಹಾಕಿದ್ಲು ಅಂತ. ಅಮ್ಮ ಕೇಳ್ತಿರ್ಲಿಲ್ಲ. ಅದಕ್ಕೇ ನಿಮ್ಮ ಹತ್ರ ತಂದಿದ್ದು, ಅವರ ಬಾಯಿ ಮುಚ್ಚಿಸೋಣ ಅಂತ. ನಕಲಿ ಅಂತ ಹೇಳ್ದಾಗ ಅಮ್ಮ ಏನೂ ಅನ್ಲಿಲ್ಲ. ಗೋಡೆ ಮೇಲೆ ಆಯಮ್ಮನ ಫೋಟೋ ಇತ್ತು, ತೆಗೆದು ಬೀರು ಹಿಂದೆ ಇಟ್ಬಿಟ್ರು. ಹದಿನೆಂಟು ವರ್ಷ ಸಾಕಿದ್ದಕ್ಕೆ ತಗಡು ಕೊಟ್ಟು ಹೋದ್ಲು ಅಂತ ಬೈದ್ರು. ನಮ್ಮಮ್ಮ ಯಾರನ್ನೂ ಬೈಯೋರಲ್ಲ ಮೇಡಂ.”

ಆಗ ಹೇಳಬೇಕಿತ್ತು. ನಾಲಿಗೆ ತುದಿಯಲ್ಲಿತ್ತು. ನಾನು ಹೇಳಿದ್ದು ಬೇರೆ.

“ಆ ಗೊಂಚಲಲ್ಲಿರೋದು ನೋಡೋಕೆ ಚೆನ್ನಾಗಿದೆ. ನನಗೆ ಕೊಡ್ತೀರಾ?”

ಯಾಕೆ ಹಾಗಂದೆ? ಪರೀಕ್ಷೆ ಮಾಡುವುದಕ್ಕೆ ಎಂದು ಈಗ ಬರೆಯಬಹುದು. ಆದರೆ ಆ ಕ್ಷಣದಲ್ಲಿ ನನ್ನೊಳಗಿನ ವ್ಯಾಪಾರಿ ಮೂಗು ಅರಳಿಸಿದ್ದು ನನಗೆ ಗೊತ್ತು.

“ಅಯ್ಯೋ, ತಗೊಳ್ಳಿ ಮೇಡಂ! ನೀವು ಫೀಸೂ ತಗೊಳ್ಳಲಿಲ್ಲ ಅವತ್ತು.” ಕತ್ತರಿಯ ತುದಿಯಿಂದ ಉಂಗುರ ಬಿಡಿಸಿ ನನ್ನ ಅಂಗೈಗೆ ಹಾಕಿದರು.

ತಂದುಬಿಟ್ಟೆ.

ಏಪ್ರಿಲ್ ೩

ಅಸಲಿ. ಎರಡು ಸಲ, ಮೂರು ಸಲ ನೋಡಿದೆ. ತೂತಿನಷ್ಟು ತೂಕ ಕಡಿಮೆ, ಉಳಿದದ್ದೆಲ್ಲ ಸಂಗ್ರಹಾಲಯದ್ದರ ಹಾಗೇ ಇದೆ.

ಪುಕ್ಕಟೆ ಸಿಕ್ಕಿತು. ಡ್ರಾಯರಿನಲ್ಲಿದೆ. ಡ್ರಾಯರ್ ತೆಗೆಯಬೇಕಾದಾಗಲೆಲ್ಲ ಬೇರೆ ಕಡೆ ನೋಡುತ್ತಾ ತೆಗೆಯುತ್ತೇನೆ.

ಏಪ್ರಿಲ್ ೫

ಪ್ರೆಸ್ಸಿನವರ ಫೋನು: “ಮೇಡಂ, ಕೊಕ್ಕರೆ ಪುಟ ಒಂದು ಬಿಟ್ಟು ಎಲ್ಲಾ ಬಂದಿದೆ. ಹಳೇ ಚಿತ್ರಾನೇ ಹಾಕ್ಲಾ?” ಒಂದು ವಾರ ತಡೆಯಿರಿ ಎಂದೆ. “ಚಿತ್ರದಲ್ಲಿ ಏನಾದ್ರೂ ದೋಷ ಇದೆಯಾ?” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನು ರೇಗಿ ಫೋನಿಟ್ಟೆ.

ಊಟವಾದ ಮೇಲೆ ಅಪ್ಪನ ಪಕ್ಕ ಕೂತು, ಮಾತಾಡದೆ ತೂತಿನ ನಾಣ್ಯವನ್ನು ಅವರ ಕೈಗೆ ಕೊಟ್ಟೆ. ಅಪ್ಪನ ಮುಖಕ್ಕೆ ಜೀವ ಬಂತು. ಹೆಬ್ಬೆರಳ ಉಗುರನ್ನು ಅಂಚಿನ ಸುತ್ತ ಓಡಿಸಿದರು. ಮೇಜಿನ ಮೇಲೆ ಮೆಲ್ಲಗೆ ಬೀಳಿಸಿ ಸದ್ದು ಕೇಳಿದರು.

“ಕೊಕ್ಕರೆ. ಇದು ಟಂಕಸಾಲೇಲಿ ಹೊಡೆದ ನಾಣ್ಯ ಪುಟ್ಟಿ, ಸಂಶಯವೇ ಇಲ್ಲ.” ಬೆರಳು ತೂತಿಗೆ ಬಂದು ನಿಂತಿತು. “ಅಯ್ಯೋ! ಇದನ್ನ ಯಾರು ಕೊಂದ್ರು?”

“ನಾನು,” ಎಂದೆ.

ಎಲ್ಲ ಹೇಳಿದೆ. ಗೀರು, ಗುಳ್ಳೆ, ಸಂಗ್ರಹಾಲಯ, ಕೀಲಿಗೊಂಚಲು. ಚುಕ್ಕಿ ಹೋದರೆ ಅಪ್ಪನಿಗೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ ಎಂದು ಹೆದರಿದ್ದೆ. ಅಪ್ಪ ನಾಣ್ಯವನ್ನು ಬೆರಳುಗಳ ನಡುವೆ ತಿರುಗಿಸುತ್ತಲೇ ಇದ್ದರು. ಆಮೇಲೆ ಹೇಳಿದ ಮಾತು ನಾನು ಎಣಿಸಿರದ್ದು.

“ನಮ್ಮ ನಾಣ್ಯದ ಅಂಚಿಗೆ, ಎರಕದ ಗೆರೆ ಮರೆಸೋಕೆ, ಅರ ಹಾಕಿ ಉಜ್ಜಿದ್ದಾರೆ. ಉಗುರಿಗೆ ಸಿಗುತ್ತೆ.”

“ಯಾವಾಗ ಗೊತ್ತಾಯ್ತು?”

“ಆಗ್ಲೇ.”

“ಆಗ್ಲೇ ಅಂದ್ರೆ?”

“ನೀನು ಅದನ್ನ ತಂದು ತೋರಿಸಿದ ದಿನ.” ಅಪ್ಪ ನಾಣ್ಯವನ್ನು ಮೇಜಿನ ಮೇಲಿಟ್ಟರು. “ನೀನು ಗಂಡನ ಮನೆ ಬಿಟ್ಟು ಬಂದ ವರ್ಷ ಅದು. ಎಂಟು ತಿಂಗಳು ನೀನು ನಕ್ಕಿದ್ದು ನಾನು ಕೇಳಿರ್ಲಿಲ್ಲ. ಅವತ್ತು ಚುಕ್ಕಿ ಸಿಕ್ತು ಅಪ್ಪಾ ಅಂತ ಕೂಗ್ತಾ ಬಂದೆ. ನನಗೆ ಬಾಯಿ ಬರ್ಲಿಲ್ಲ. ಆಮೇಲೆ ಪುಸ್ತಕ ಆಯ್ತು. ಆಮೇಲೆ ನಾನೂ ನಂಬಿಬಿಟ್ಟೆ.”

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಇದಕ್ಕೇ. ನಾನು ಕೂಗಾಡಿದೆ. ನನ್ನನ್ನು ಮೂರ್ಖಳನ್ನಾಗಿ ಮಾಡಿ ಕೂರಿಸಿದಿರಿ, ಊರೆಲ್ಲ ನಂಬಿ ಕೆಟ್ಟಿತು ಎಂದೆಲ್ಲ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡರು. ಎಂಬತ್ತು ದಾಟಿದ ಮನುಷ್ಯನನ್ನು ಹಾಗೆ ಕೂರಿಸಿಕೊಂಡು ಬೈದದ್ದಕ್ಕೂ ಈಗ ನಾಚಿಕೆಯಾಗುತ್ತಿದೆ. ಯಾವುದಕ್ಕೆ ಎಷ್ಟು ನಾಚಿಕೆಪಡಬೇಕು ಎನ್ನುವುದಕ್ಕೂ ಯಾರಾದರೂ ಒಂದು ಕೈಪಿಡಿ ಬರೆಯಬೇಕು.

ಏಪ್ರಿಲ್ ೭

ಮಾತಿಲ್ಲ. ಅಪ್ಪ ತಮ್ಮ ತಟ್ಟೆ ತಾವೇ ತೊಳೆದಿಡುತ್ತಿದ್ದಾರೆ, ತಡವರಿಸಿಕೊಂಡು.

ಏಪ್ರಿಲ್ ೯

ಭೂತಗನ್ನಡಿಯವರಿಗೆ ಹೇಳಿದೆ. ಅಂಗಡಿಯಲ್ಲಿ ಬೇರೆಯವರು ಇದ್ದಾಗಲೇ ಹೇಳಿದೆ. ಮೂಲೆಗೆ ಕರೆದು ಪಿಸುಗುಟ್ಟಬೇಕು ಎಂದು ಆಸೆಯಾಗಿತ್ತು. ಆದರೆ ಅವತ್ತು ಹೊಲಿಗೆಯವರಿಗೆ ಮೂಲೆ ಕೊಟ್ಟಿರಲಿಲ್ಲವಲ್ಲ.

ಅವರ ಎರಡು, ನಮ್ಮದೊಂದು, ಮೂರು ನಾಣ್ಯಗಳನ್ನೂ ಸಾಲಾಗಿ ಇಟ್ಟು ಗೀರು ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಅವತ್ತು ಚೆನ್ನಾಗಿವೆ ಅಂದ್ರಿ.”

“ಅಂದೆ. ಅವತ್ತೇ ಗೀರು ಕಂಡಿತ್ತು.”

“ಕಂಡಿದ್ದೂ ನನ್ನ ಬಿಸ್ಕತ್ತು ತಿಂದ್ರಲ್ಲ ಮೇಡಂ!”

ದುಡ್ಡಿನ ಮಾತು ಎತ್ತಲಿಲ್ಲ, ಬಿಸ್ಕತ್ತಿನ ಮಾತು ಎತ್ತಿದರು. ಅದೇ ಹೆಚ್ಚು ಚುಚ್ಚಿತು. ಆ ವ್ಯಾಪಾರಿಗಳಿಗೆ ನಾನೇ ಬರೆದು ವಾಪಸು ಮಾಡಿಸುತ್ತೇನೆ, ಅವರು ಒಪ್ಪದಿದ್ದರೆ ನನ್ನ ಕೈಯಿಂದಲೇ ಕೊಡುತ್ತೇನೆ ಎಂದೆ. ನಾಣ್ಯ ಜೇಬಿಗೆ ಹಾಕಿಕೊಂಡು ಎದ್ದು ಹೋದರು. ಸ್ಟೂಲು ಖಾಲಿ. ಇಡೀ ಮಧ್ಯಾಹ್ನ ಅದರ ಮೇಲೆ ಯಾರೂ ಕೂರಲಿಲ್ಲ.

ಏಪ್ರಿಲ್ ೧೪

ಕೋಟು ತರುವ ದಿನ. ಹೊರಡುವಾಗ ಅಪ್ಪ ಬಾಗಿಲಿಗೆ ಬಂದು ನಿಂತು, “ನಾನೂ ಬರ್ಲಾ?” ಎಂದರು. ಜಗಳವಾದ ಮೇಲೆ ಅವರಾಡಿದ ಮೊದಲ ಮಾತು. ಬೇಡಪ್ಪ, ಇದು ನನ್ನದು ಎಂದೆ.

ಹೊಲಿಗೆಯವರಿಗೆ ಮೊದಲು ಹೇಳಿದೆ, ನಿಂತೇ ಹೇಳಿದೆ. ನಿಮ್ಮ ನಾಣ್ಯ ಅಸಲಿ, ನನ್ನದೇ ನಕಲಿ, ನನ್ನ ಪುಸ್ತಕದ್ದು ತಪ್ಪು. ಅಸಲಿ ಇರಬಹುದು ಎಂದು ಅನುಮಾನ ಇದ್ದೂ ಅದನ್ನು ನಿಮ್ಮಿಂದ ಸುಮ್ಮನೆ ಇಸಿದುಕೊಂಡು ಹೋದೆ. ನಾಣ್ಯ ಮಿಷನ್ನಿನ ಮೇಲಿಟ್ಟೆ.

ಅವರ ಮುಖ ಮೊದಲು ಅರಳಿತು. ಕಣ್ಣು ತೂತಿನ ಮೇಲೆ ಬಿದ್ದಾಗ ಕೆಂಪಾಯಿತು.

“ನನ್ನ ಕೈಯಾರೆ ತೂತು ಹಾಕಿಸಿದ್ನಲ್ಲ ಮೇಡಂ. ಇದಕ್ಕೆ ಈಗ ಬೆಲೆ?”

“ಬಹಳ ಕಡಿಮೆ ಆಗಿದೆ. ಅಷ್ಟನ್ನೂ ನಾನು ತುಂಬಿಕೊಡ್ತೀನಿ.”

“ಯಾವ ಲೆಕ್ಕದಲ್ಲಿ? ನಿಮ್ಮ ಪುಸ್ತಕದ ಬೆಲೇಲೋ, ನಿಜವಾದ ಬೆಲೇಲೋ?”

“ನಿಜವಾದ ಬೆಲೆ ಎಷ್ಟು ಅಂತ ನನಗೆ ಗೊತ್ತಿಲ್ಲ,” ಎಂದೆ. “ಸಂಗ್ರಹಾಲಯದವರನ್ನ ಕೇಳೋಣ. ಅವರು ಹೇಳಿದ್ದು ಕೊಡ್ತೀನಿ.”

“ಅವತ್ತು ಕೊಕ್ಕರೆ ಚುಕ್ಕಿ ನುಂಗಿತು ಅಂತ ನಗಿಸಿದ್ರಿ. ಆ ನಗು ಮನೆವರೆಗೂ ನನ್ನ ಹಿಂದೇನೇ ಬಂತು.” ಅವರು ದಾರ ಹರಿದು ಬಿಸಾಡಿದರು. “ಮೇಲೆ ಬನ್ನಿ. ಅಮ್ಮನಿಗೆ ನೀವೇ ಹೇಳಿ. ನಾನಂತೂ ಹೇಳಲ್ಲ.”

ಅಂಗಡಿಯ ಮೇಲೆಯೇ ಮನೆ. ಅಮ್ಮ ಕಿಟಕಿಯ ಹತ್ತಿರ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದರು. ಗೋಡೆಯ ಮೇಲೆ ಫೋಟೋ ಇದ್ದ ಜಾಗ ಬಿಳಿ ಚೌಕವಾಗಿ ಕಾಣುತ್ತಿತ್ತು. ನಾನು ನೆಲದ ಮೇಲೆ ಕೂತು ಹೇಳಿದೆ. ಅರ್ಧ ಹೇಳುವಷ್ಟರಲ್ಲಿ ಅವರ ಕೈ ನಿಂತಿತು.

“ಹಾಗಾದ್ರೆ ಅಮ್ಮಾವ್ರು ಸುಳ್ಳು ಹೇಳ್ಲಿಲ್ವಾ?”

“ಇಲ್ಲಮ್ಮ. ಅವರ ಮನೇಲಿದ್ದ ಅತಿ ಒಳ್ಳೆ ವಸ್ತು ಇದೇ ಇರಬೇಕು.”

ಅವರು ಬೆಲೆ ಕೇಳಲಿಲ್ಲ. ತೂತು ನೋಡಲೂ ಇಲ್ಲ. ಮಗಳ ಕಡೆ ತಿರುಗಿ, ಅದನ್ನ ತೆಗೆ ಎಂದರು. ಹೊಲಿಗೆಯವರು ಬೀರುವಿನ ಹಿಂದೆ ಕೈ ಹಾಕಿ ಫೋಟೋ ಎಳೆದು ಧೂಳು ಒರೆಸಿದರು. ಕನ್ನಡಕ ಹಾಕಿಕೊಂಡ, ತೆಳು ತುಟಿಯ ಮುದುಕಿ. ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಕ್ಷಮಿಸಿ ಎಂದೆ.

“ನಿನ್ನ ತಪ್ಪು ನನ್ನ ಹತ್ರ ಹೇಳ್ಕೊಳ್ಳೋಕೆ ನಾನು ಬದುಕಿದ್ದೀನಿ ತಾಯಿ. ನಾನು ಇವರನ್ನ ಬೈದಿದ್ದು ಯಾರ ಹತ್ರ ಹೇಳ್ಕೊಳ್ಳಲಿ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಒಡೆಯುವುದು ಎಲ್ಲೆಲ್ಲಿ, ಯಾರ್‍ಯಾರ ಮನೆಯಲ್ಲಿ ಎಂದು ಇವತ್ತು ಗೊತ್ತಾಯಿತು. ಕೋಟು ಅಲ್ಲೇ ಮರೆತು ಬಂದೆ.

ಏಪ್ರಿಲ್ ೨೨

ಕೋಟು ಕೊಡಲು ಹೊಲಿಗೆಯವರೇ ಅಂಗಡಿಗೆ ಬಂದರು. ಅಸ್ತರಿನ ಕೂಲಿ ಚೌಕಾಸಿಯಿಲ್ಲದೆ ತೆಗೆದುಕೊಂಡರು. ತೂತಿನ ಲೆಕ್ಕಕ್ಕೆ ಸಂಗ್ರಹಾಲಯದವರು ಹೇಳಿದ ಮೊತ್ತವನ್ನೂ ಸಹಿ ಹಾಕಿ ತೆಗೆದುಕೊಂಡರು. ನನಗೆ ಹಗುರವಾಯಿತು ಎಂದರೆ ಸುಳ್ಳು.

ಆಮೇಲೆ ಬಹಳ ಸಂಕೋಚದಿಂದ ಕೇಳಿದೆ. ಹೊಸ ಮುದ್ರಣಕ್ಕೆ ಅಸಲಿ ಕೊಕ್ಕರೆಯ ಚಿತ್ರ ಬೇಕು, ಸಂಗ್ರಹಾಲಯದವು ಇವೆ, ಆದರೆ ನಿಮ್ಮದನ್ನೇ ಹಾಕಬೇಕು ಎಂದು ನನ್ನ ಆಸೆ. ಅವರು ಅಮ್ಮನನ್ನು ಕೇಳಿಕೊಂಡು ಮಧ್ಯಾಹ್ನ ಮತ್ತೆ ಬಂದರು. ಅಮ್ಮ ಒಪ್ಪಿದ್ದಾರೆ, ಒಂದು ಷರತ್ತು: ಯಾರು ಕೊಟ್ಟದ್ದು, ಯಾರಿಗೆ ಕೊಟ್ಟದ್ದು ಎಂದು ಹೆಸರು ಹಾಕಬೇಕು.

ಮುನ್ನುಡಿಯನ್ನು ಅಪ್ಪನಿಗೆ ಓದಿ ಹೇಳಿದೆ. ‘ಚುಕ್ಕಿ ಎರಕದ ಗುಳ್ಳೆ. ಚುಕ್ಕಿಯನ್ನು ನಂಬಿ ನಾನು ಕೊಟ್ಟ ತೀರ್ಪುಗಳೆಲ್ಲ ತಪ್ಪು. ನಾನು ನಕಲಿ ಎಂದ ಕೊಕ್ಕರೆಗಳನ್ನು ದಯವಿಟ್ಟು ಮತ್ತೆ ತನ್ನಿ.’ ಇಷ್ಟೇ. ಅಪ್ಪ ಪೂರ್ತಿ ಕೇಳಿ, “ಕೆಳಗೆ ನನ್ನ ಹೆಸರೂ ಹಾಕು,” ಎಂದರು. “ಹೊಗಳಿಕೇಲಿ ಏಳು ವರ್ಷ ಪಾಲು ತಗೊಂಡಿದ್ದೀನಿ.” ಹಾಕಿದೆ. ಅಂಚನ್ನು ಉಗುರಿನಿಂದ ಪರೀಕ್ಷಿಸುವ ಬಗೆಯನ್ನು ಅವರೇ ಹೇಳಿ ಬರೆಸಿದರು, ಒಂದೂವರೆ ಪುಟ ಆಯಿತು. ನಿಲ್ಲಿಸಿ ಎಂದರೆ ನಿಲ್ಲಿಸಲಿಲ್ಲ.

ಪ್ರೆಸ್ಸಿನವರು ಚಿತ್ರ ನೋಡಿ ಫೋನು ಮಾಡಿದರು. “ಮೇಡಂ, ತೂತು ಅಸಹ್ಯವಾಗಿ ಕಾಣುತ್ತೆ. ಕಂಪ್ಯೂಟರಲ್ಲಿ ಮುಚ್ಚಿಬಿಡ್ಲಾ? ಯಾರಿಗೂ ಗೊತ್ತಾಗಲ್ಲ.” ಬೇಡ ಎಂದೆ.

ಮೇ ೩೦

ಪುಸ್ತಕ ಬಂತು. ಕೊಕ್ಕರೆ ಪುಟದಲ್ಲಿ ಬೆಲೆಯ ಜಾಗ ಖಾಲಿ ಬಿಟ್ಟಿದ್ದೇನೆ. ಮೂವರು ವ್ಯಾಪಾರಿಗಳೂ ಆಗಲೇ ಫೋನು ಮಾಡಿ, ಇನ್ನು ನಾವು ಏನು ನೋಡಿ ಹೇಳೋದು ಎಂದು ಜಗಳ ತೆಗೆದರು.

ಬೆಳಗ್ಗೆ ಒಬ್ಬ ಮೇಷ್ಟ್ರು ಒಂದು ಹಳೆಯ ತಾಮ್ರದ ನಾಣ್ಯ ತಂದಿದ್ದರು. ಅಂಚು ಮುಟ್ಟಿದೆ, ತೂಗಿದೆ, ತಿರುಗಿಸಿ ನೋಡಿ ಗೊತ್ತಿಲ್ಲ ಎಂದೆ, ನಾಲ್ಕು ದಿನ ಬಿಟ್ಟು ಹೋಗಿ ಎಂದೆ. ಸರಿ ಎಂದು ಬಿಟ್ಟು ಹೋದರು. ಮಧ್ಯಾಹ್ನ ಭೂತಗನ್ನಡಿಯವರು ಬಂದು ಏನೂ ಆಗದವರ ಹಾಗೆ ಸ್ಟೂಲಿನ ಮೇಲೆ ಕೂತರು. ಬಿಸ್ಕತ್ತು ನಾನು ತರಿಸಿದೆ.

ಸಂಜೆ ಅಪ್ಪನ ಕೈ ಹಿಡಿದು ಹೊಲಿಗೆಯವರ ಮನೆಗೆ ಕರೆದುಕೊಂಡು ಹೋದೆ. ಅಮ್ಮ ನಾಣ್ಯಕ್ಕೆ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದರು. ಫೋಟೋ ಮತ್ತೆ ಬಿಳಿ ಚೌಕದ ಮೇಲೆ ಕೂತಿತ್ತು. ಪುಸ್ತಕ ಕೊಟ್ಟೆ. ಹೊಲಿಗೆಯವರು ಪುಟ ತೆಗೆದು ಚಿತ್ರದ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದರು. ಮೊದಲು ಕೊಟ್ಟವರ ಹೆಸರು, ಆಮೇಲೆ ಅಮ್ಮನ ಹೆಸರು, ಆಮೇಲೆ ‘ಹದಿನೆಂಟು ವರ್ಷದ ಆರೈಕೆಗೆ’ ಎಂದು. ತೂತು ಹೇಗಾಯಿತು ಎಂದು ನಾನು ಬರೆದ ಎರಡು ಸಾಲನ್ನೂ ಓದಿದರು.

ಅಮ್ಮ ಇನ್ನೊಂದು ಸಲ ಓದಿಸಿದರು. ಆಮೇಲೆ ಪುಸ್ತಕ ಇಸಿದುಕೊಂಡು, ಆ ಪುಟ ಮುಚ್ಚಿಕೊಳ್ಳದ ಹಾಗೆ ಎರಡು ಗುಂಡಿ ಡಬ್ಬಿಗಳನ್ನು ಅಕ್ಕಪಕ್ಕ ಒತ್ತಿ, ಫೋಟೋದ ಕಡೆ ಮುಖಮಾಡಿ ಕಪಾಟಿನ ಮೇಲೆ ನಿಲ್ಲಿಸಿದರು.

“ಓದ್ಕೊಳ್ಳಲಿ,” ಎಂದರು. “ಅವರಿಗೆ ಓದು ಬರ್ತಿತ್ತು.”

ಅಪ್ಪನನ್ನು ಎಬ್ಬಿಸಿಕೊಂಡು ಮೆಟ್ಟಿಲಿಳಿದೆ.